ಪ್ಲೇಲಿಸ್ಟ್ ಬಿಡಿ, ಜನರ ಜಾಡು ಹಿಡಿಯಿರಿ: ದಾವಣಗೆರೆಯಲ್ಲಿ ಕೂತು ಚಿಲ್‌ವೇವ್ ಹುಡುಕುವ ಬಗೆ

ಸ್ಪಾಟಿಫೈ ತೆರೆದು ‘ಚಿಲ್’ ಅಂತ ಟೈಪ್ ಮಾಡಿ ನೋಡಿ. ಓದುವಾಗ ಚಿಲ್, ಮಲಗುವಾಗ ಚಿಲ್, ಮಳೆಗೆ ಚಿಲ್, ಕಾಫಿಗೆ ಚಿಲ್. ಕೇಳಿ ಮುಗಿಸೋಕೆ ಒಂದು ಜನ್ಮ ಸಾಲದಷ್ಟು ಪ್ಲೇಲಿಸ್ಟ್ ಬಂದು ಬೀಳುತ್ತವೆ. ಯಾವುದಾದರೂ ಒಂದನ್ನು ಅರ್ಧ ಗಂಟೆ ಕೇಳಿ. ಆಮೇಲೆ ಫೋನ್ ಮಗುಚಿಟ್ಟು, ಈಗ ಕೇಳಿದ್ದರಲ್ಲಿ ಒಬ್ಬ ಕಲಾವಿದರ ಹೆಸರು ಹೇಳಿ ನೋಡೋಣ. ಬರುವುದಿಲ್ಲ ಅಲ್ವಾ? ತಪ್ಪು ನಿಮ್ಮದಲ್ಲ. ನೀವು ಹೆಸರು ಗಮನಿಸಬೇಕು ಅಂತ ಆ ಪ್ಲೇಲಿಸ್ಟ್‌ಗೆ ಆಸೆಯೇ ಇಲ್ಲ. ನೀವು ಆಫ್ ಮಾಡದಿದ್ದರೆ ಸಾಕು.

ನಮ್ಮ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತ ಅಂದರೆ ಮೊದಲು ನೆನಪಾಗುವುದು ಗಣಪತಿ ಬಿಡುವ ದಿನದ ಡಿಜೆ. ಲಾರಿ ತುಂಬ ಸ್ಪೀಕರ್, ಎದೆ ನಡುಗಿಸುವ ಬೇಸ್. ಚಿತ್ರದುರ್ಗದಲ್ಲಂತೂ ಕೇಳೋದೇ ಬೇಡ. ಅದಕ್ಕೂ ಅದರದೇ ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಅದೇ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್), ಅದೇ ಡ್ರಮ್ ಮಷಿನ್ ಇಟ್ಟುಕೊಂಡು, ಒಬ್ಬರೇ ತಮ್ಮ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಮೆಲ್ಲಗಿನ, ಮಬ್ಬಾದ, ನಿದ್ದೆಗಣ್ಣಿನಂಥ ಸಂಗೀತ ಮಾಡುವ ಸಾವಿರಾರು ಮಂದಿ ಜಗತ್ತಿನಲ್ಲಿದ್ದಾರೆ. ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುವವರು ವಿದ್ಯಾನಗರದ ಪಿಜಿಗಳಲ್ಲೂ ಇದ್ದಾರೆ, ಎಂಸಿಸಿ ಬಿ ಬ್ಲಾಕಿನ ಮನೆಗಳಲ್ಲೂ ಇದ್ದಾರೆ. ಅವರಿಗೆ ಹಾಡಿನ ಕೊರತೆ ಇಲ್ಲ. ಆದರೆ ಹಾಡು ಮಾಡಿದವರು ಅವರಿಗೆ ಕಾಣುತ್ತಿಲ್ಲ. ಇದು ಯಾಕೆ ಹೀಗಾಯ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಚಿಲ್‌ವೇವ್ ಅಂದರೇನು ಅಂತ ಹೇಳಿಬಿಡುತ್ತೇನೆ. ಹುಟ್ಟಿದ್ದು 2009ರ ಬೇಸಿಗೆಯಲ್ಲಿ, ಅಮೆರಿಕದಲ್ಲಿ. ಹೆಸರಿಟ್ಟಿದ್ದು ಹಿಪ್‌ಸ್ಟರ್ ರನ್‌ಆಫ್ ಎಂಬ ಒಂದು ವ್ಯಂಗ್ಯದ ಬ್ಲಾಗು, ಅದೂ ಅರ್ಧ ತಮಾಷೆಗೆ. ತಮಾಷೆಯ ಹೆಸರೇ ಅಂಟಿಕೊಂಡಿತು. ವಾಷ್ಡ್ ಔಟ್, ಟೊರೊ ಇ ಮೊಯ್, ನಿಯಾನ್ ಇಂಡಿಯನ್ ಎಂಬ ಮೂರು ಹೆಸರು ಆಗ ಓಡಾಡಿದವು. ಕೇಳಿದರೆ ಬ್ಯಾಂಡಿನ ಹೆಸರು ಅನ್ನಿಸುತ್ತೆ, ಆದರೆ ಮೂರರ ಹಿಂದೆಯೂ ಮುಖ್ಯವಾಗಿ ಒಬ್ಬೊಬ್ಬರೇ. ಮಂಕಾದ ಸಿಂಥ್, ಎಲ್ಲೋ ದೂರದಿಂದ ಬರುವ ದನಿ, ಎಂಬತ್ತರ ದಶಕದ ಪಾಪ್‌ನ ನೆನಪು, ಜೊತೆಗೆ ಕ್ಯಾಸೆಟ್ ಹಳತಾದಾಗ ಕೇಳುವ ಆ ಸಣ್ಣ ಓಲಾಟ. ಕ್ಯಾಸೆಟ್ ಕಾಲದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಟೇಪ್ ಸಡಿಲವಾಗಿ, ಹೆಡ್ ಕೊಳೆಯಾಗಿ, ಶ್ರುತಿ ಚೂರು ಆಚೀಚೆ ಆಗುತ್ತಿತ್ತಲ್ಲ, ಅದೇ. ನಾವು ಪೆನ್ಸಿಲ್ ತೂರಿಸಿ ತಿರುಗಿಸಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ ಓಡಿಸಲು ಹೆಣಗಿದ ದೋಷವನ್ನು ಇವರು ಬೇಕೂಂತಲೇ ಕರೆದು ಕೂರಿಸಿದರು. ಇವರೇ ಮೊದಲಿಗರೇನಲ್ಲ. ಸ್ಕಾಟ್ಲೆಂಡಿನ ಬೋರ್ಡ್ಸ್ ಆಫ್ ಕೆನಡಾ 1998ರ ಆಲ್ಬಂನಲ್ಲೇ ಈ ಮಾಸಿದ ಟೇಪಿನ ಸದ್ದನ್ನು ಎಳೆ ಎಳೆಯಾಗಿ ಬಳಸಿದ್ದರು.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾದ ಸಂಗತಿ ಬೇರೆ. ವಾಷ್ಡ್ ಔಟ್ ಅಂದರೆ ಅರ್ನೆಸ್ಟ್ ಗ್ರೀನ್ ಎಂಬ ಹುಡುಗ. ಲೈಬ್ರರಿ ಸೈನ್ಸ್ ಓದಿದ. ಆರ್ಥಿಕ ಕುಸಿತದ ಹೊತ್ತು, ಕೆಲಸ ಸಿಗಲಿಲ್ಲ. ಜಾರ್ಜಿಯಾ ರಾಜ್ಯದ ಪೆರಿ ಎಂಬ ಊರಿನಲ್ಲಿದ್ದ ಅಪ್ಪ ಅಮ್ಮನ ಮನೆಗೆ ವಾಪಸ್ ಬಂದ. ತನ್ನ ಹಳೇ ರೂಮಿನಲ್ಲಿ ಕೂತು ಹಾಡು ಮಾಡಿ ಇಂಟರ್ನೆಟ್ಟಿಗೆ ಹಾಕಿದ. ಪೆರಿ ಎಂದರೆ ನಮ್ಮ ಹೊಳಲ್ಕೆರೆಯಂಥ ಪುಟ್ಟ ಊರು. ಟೊರೊ ಇ ಮೊಯ್‌ನ ಚಾಜ್ ಬಂಡಿಕ್ ಇದ್ದದ್ದು ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ, ಓದಿದ್ದು ಗ್ರಾಫಿಕ್ ಡಿಸೈನ್. ಗ್ರೀನ್ ಮತ್ತು ಬಂಡಿಕ್ ಅಲ್ಲಿನ ಕಾಲೇಜು ದಿನಗಳಿಂದ ಗೆಳೆಯರು. ನ್ಯೂಯಾರ್ಕ್ ಇಲ್ಲ, ಲಾಸ್ ಏಂಜಲೀಸ್ ಇಲ್ಲ, ಸ್ಟುಡಿಯೋ ಇಲ್ಲ. ಕೆಲಸ ಸಿಗದ ಪದವೀಧರ, ಅಪ್ಪನ ಮನೆ, ಒಂದು ಕಂಪ್ಯೂಟರ್. ಈ ಕಥೆ ದಾವಣಗೆರೆಯಲ್ಲಿ ಯಾರಿಗೆ ಅರ್ಥವಾಗಲ್ಲ ಹೇಳಿ? 2011ರ ಜನಗಣತಿಗೇ ನಾಲ್ಕು ಲಕ್ಷ ದಾಟಿದ ಊರು ನಮ್ಮದು, ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ಯೂನಿವರ್ಸಿಟಿ ಎಲ್ಲ ಇದೆ. ‘ನಮ್ಮೂರಲ್ಲಿ ಇದಕ್ಕೆಲ್ಲ ಎಲ್ಲಿದೆ ವಾತಾವರಣ’ ಅನ್ನುವವರು ಪೆರಿಯನ್ನು ಒಂದು ಸಲ ನೆನೆಸಿಕೊಳ್ಳಬೇಕು.

ಇನ್ನು ಕನ್ನಡದ ಕಡೆಯಿಂದ ಈ ಸದ್ದಿಗೆ ಬರುವವರ ದಾರಿ ನೋಡಿ. ಲೋಫೈ ಅಂದರೆ ಬೇಕೂಂತಲೇ ಮಾಸಿದ ಹಾಗೆ ಇಟ್ಟ ಮೆಲ್ಲಗಿನ ಸಂಗೀತ. ಯೂಟ್ಯೂಬಿನಲ್ಲಿ ‘ಕನ್ನಡ ಲೋಫೈ’ ಅಂತ ಹುಡುಕಿದರೆ ಬಹುಪಾಲು ಸಿಗುವುದು ಸಿನಿಮಾ ಹಾಡುಗಳ ‘ಸ್ಲೋಡ್ ಅಂಡ್ ರಿವರ್ಬ್’ ರೂಪ. ಹಾಡನ್ನು ನಿಧಾನ ಮಾಡಿ, ಒಂದಿಷ್ಟು ಗುಂಯ್‌ಗುಡುವಿಕೆ ಸೇರಿಸಿ, ಮೇಲೊಂದು ಮಳೆಯ ಚಿತ್ರ ಅಂಟಿಸಿದರೆ ಆಯ್ತು. ಸಂಗೀತ ಗೊತ್ತಿರುವವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಈ ನಿಧಾನಗೊಳಿಸುವ ಕೆಲಸಕ್ಕೆ ದೊಡ್ಡ ಚರಿತ್ರೆಯೇ ಇದೆ. ಅಮೆರಿಕದ ಹ್ಯೂಸ್ಟನ್ ನಗರದ ಡಿಜೆ ಸ್ಕ್ರೂ ಎಂಬಾತ 1990ರ ದಶಕದಲ್ಲಿ ರ‍್ಯಾಪ್ ಹಾಡುಗಳನ್ನು ಎಳೆದು ನಿಧಾನ ಮಾಡಿ ಕ್ಯಾಸೆಟ್‌ಗೆ ತುಂಬಿಸಿ ಮಾರುತ್ತಿದ್ದ. ಆ ಊರಿನ ಇಡೀ ಸಂಗೀತದ ಗತಿಯೇ ಅದರಿಂದ ಬದಲಾಯಿತು. 2000ದಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ. ಇಂದಿನ ಸ್ಲೋಡ್ ಅಂಡ್ ರಿವರ್ಬ್ ಆತನ ದೂರದ ಸಂತಾನ.

ಚಿಲ್‌ವೇವ್‌ನ ಅತಿ ಪ್ರಸಿದ್ಧ ಹಾಡೂ ಇದೇ ಜಾತಿಯದು. ವಾಷ್ಡ್ ಔಟ್‌ನ ‘ಫೀಲ್ ಇಟ್ ಆಲ್ ಅರೌಂಡ್’ನ ತಳದಲ್ಲಿರುವುದು ಗ್ಯಾರಿ ಲೋ ಎಂಬ ಗಾಯಕನ 1983ರ ಇಟಾಲಿಯನ್ ಡಿಸ್ಕೋ ಹಾಡಿನ ಒಂದು ತುಂಡು, ನಿಧಾನ ಮಾಡಿದ್ದು. ಹಾಗಾದರೆ ವ್ಯತ್ಯಾಸ ಏನು? ಗ್ರೀನ್ ಆ ತುಂಡನ್ನು ನೆಲಗಟ್ಟು ಮಾಡಿಕೊಂಡು ಅದರ ಮೇಲೆ ತನ್ನ ರಾಗ, ತನ್ನ ದನಿ, ತನ್ನ ಸಾಲು ಕಟ್ಟಿದ. ಸ್ಲೋಡ್ ಅಂಡ್ ರಿವರ್ಬ್ ಮಾಡುವವರು ಇಡೀ ಮನೆಯನ್ನೇ ಎತ್ತಿಕೊಂಡು ಬರುತ್ತಾರೆ, ಹಾಗಾಗಿ ಹಣವೂ ಮನೆಯ ಮಾಲೀಕರಿಗೇ, ಅಂದರೆ ಆಡಿಯೋ ಕಂಪನಿಗೇ ಹೋಗುತ್ತದೆ, ಕಂಪನಿಗೆ ಸಿಟ್ಟು ಬಂದರೆ ವಿಡಿಯೋನೇ ಮಾಯ. ಒಳ್ಳೆ ಕಿವಿ ಇರುವ ಎಷ್ಟೋ ಹುಡುಗರು ಅಲ್ಲೇ ನಿಂತುಬಿಡುತ್ತಾರೆ. ಒಂದು ಮೆಟ್ಟಿಲು ಹತ್ತಿದ್ದರೆ ಸ್ವಂತ ಹಾಡು ಆಗುತ್ತಿತ್ತು ಅನ್ನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಣ್ಣ ಕಲಾವಿದರು ಯಾಕೆ ಕಾಣುವುದಿಲ್ಲ?

ಒಂದು ಕಾರಣ ಬರೀ ಲೆಕ್ಕದ್ದು. ಲ್ಯುಮಿನೇಟ್ ಎಂಬ ಸಂಗೀತ ಅಂಕಿಅಂಶದ ಕಂಪನಿಯ ಪ್ರಕಾರ 2023ರ ಕೊನೆಗೆ ಸ್ಟ್ರೀಮಿಂಗ್ ಸೇವೆಗಳಲ್ಲಿ ಸುಮಾರು 18.4 ಕೋಟಿ ಟ್ರ್ಯಾಕ್ ಇದ್ದವು. ಅದರಲ್ಲಿ 4.56 ಕೋಟಿಯನ್ನು ಆ ವರ್ಷ ಯಾರೂ ಒಂದೇ ಒಂದು ಸಲವೂ ಕೇಳಿರಲಿಲ್ಲ. ಒಂದೂ ಸಲ! ಇಷ್ಟು ದೊಡ್ಡ ರಾಶಿಯನ್ನು ಮನುಷ್ಯರು ವಿಂಗಡಿಸಲು ಆಗುವುದಿಲ್ಲ, ಆದ್ದರಿಂದ ಅಲ್ಗಾರಿದಮ್ ಬಂತು. ಸ್ಪಾಟಿಫೈನ ‘ಡಿಸ್ಕವರ್ ವೀಕ್ಲಿ’ 2015ರಲ್ಲಿ ಶುರುವಾಯಿತು. ಅದರ ತಳದ ತರ್ಕ ಸರಳ. ನಿಮ್ಮ ಹಾಗೇ ಕೇಳುವ ಇನ್ನೊಬ್ಬರು ಏನೇನು ಕೇಳಿದ್ದಾರೆ, ಯಾವ ಹಾಡನ್ನು ಯಾವುದರ ಪಕ್ಕ ಇಟ್ಟಿದ್ದಾರೆ ಅಂತ ನೋಡಿ, ನಿಮಗೆ ಗೊತ್ತಿಲ್ಲದ್ದನ್ನು ಕೊಡುವುದು. ಚೆನ್ನಾಗೇ ಕೆಲಸ ಮಾಡುತ್ತದೆ. ತೊಡಕು ಎಲ್ಲಿ ಅಂದರೆ, ಯಾರೂ ಕೇಳದ ಹಾಡಿನ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಹತ್ತು ಸಾವಿರ ಜನ ಕೇಳಿದವರನ್ನು ಅದು ಲಕ್ಷ ಜನಕ್ಕೆ ಮುಟ್ಟಿಸಬಲ್ಲದು. ಮೂವತ್ತು ಜನ ಕೇಳಿದವರ ಬಗ್ಗೆ ಅದು ಬಹುಮಟ್ಟಿಗೆ ಕುರುಡು.

ನ್ಯಾಯವಾಗಿ ಹೇಳಬೇಕೆಂದರೆ ಅಲ್ಗಾರಿದಮ್ ಕೆಲವು ಸಲ ಪವಾಡವನ್ನೂ ಮಾಡಿದೆ. ಜಪಾನಿನ ಹಿರೋಶಿ ಯೋಶಿಮುರಾ 1986ರಲ್ಲಿ ‘ಗ್ರೀನ್’ ಎಂಬ ಶಾಂತವಾದ ಸಿಂಥಸೈಜರ್ ಆಲ್ಬಂ ಮಾಡಿದರು. ಜಪಾನಿನ ಹೊರಗೆ ಅದರ ಸುದ್ದಿ ಗೊತ್ತಿದ್ದವರು ತೀರಾ ಕಡಿಮೆ. ಅವರು 2003ರಲ್ಲಿ ತೀರಿಕೊಂಡರು. ಆಮೇಲೆ ಎಷ್ಟೋ ವರ್ಷಕ್ಕೆ ಯೂಟ್ಯೂಬ್ ಯಾಕೋ ಅದನ್ನು ಸಿಕ್ಕಸಿಕ್ಕವರ ಮುಂದೆ ತಂದಿಡಲು ಶುರುಮಾಡಿ, ಲಕ್ಷಾಂತರ ಜನ ಕೇಳಿ, 2020ರಲ್ಲಿ ಆಲ್ಬಂ ಮರುಮುದ್ರಣವಾಯಿತು. ಆದರೆ ಲಾಟರಿ ಹೊಡೆದ ಒಬ್ಬರನ್ನು ತೋರಿಸಿ ಲಾಟರಿ ಒಳ್ಳೆಯದು ಅನ್ನುವುದಕ್ಕೆ ಆಗಲ್ಲ.

ಎರಡನೇ ಕಾರಣ ದುಡ್ಡಿನದು. ನೀವು ತಿಂಗಳಿಗೆ ಕಟ್ಟುವ ಚಂದಾ ನೀವು ಕೇಳಿದ ಕಲಾವಿದರಿಗೇ ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎಲ್ಲರ ದುಡ್ಡೂ ಒಂದು ಹುಂಡಿಗೆ ಬೀಳುತ್ತದೆ, ಒಟ್ಟು ಸ್ಟ್ರೀಮ್‌ಗಳಲ್ಲಿ (ಹಾಡನ್ನು ಒಂದು ಸಲ ಕೇಳಿದರೆ ಒಂದು ಸ್ಟ್ರೀಮ್) ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುತ್ತದೆ. ನೀವು ತಿಂಗಳಿಡೀ ಒಬ್ಬ ಅಪರಿಚಿತ ಹುಡುಗಿಯ ಆಲ್ಬಂ ಒಂದನ್ನೇ ಕೇಳಿದರೂ ನಿಮ್ಮ ರೂಪಾಯಿಯ ದೊಡ್ಡ ಭಾಗ ಸೇರುವುದು ಸಿನಿಮಾ ಹಾಡುಗಳ ಕಂಪನಿಗಳಿಗೆ. ಆದರೆ ಕಲಾವಿದರೇ ಹಾಡು ಏರಿಸುವ ಸೌಂಡ್‌ಕ್ಲೌಡ್ ಎಂಬ ಸೈಟು 2021ರಿಂದ ಸಣ್ಣ ಕಲಾವಿದರಿಗಾಗಿ ಬೇರೆ ಲೆಕ್ಕ ತಂದಿದೆ, ಅಲ್ಲಿ ಕೇಳುಗರ ದುಡ್ಡು ಅವರು ಕೇಳಿದವರ ಕಡೆಗೇ ಹೋಗುತ್ತದೆ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ಮಾಡಿತು: ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಟ್ರ್ಯಾಕಿಗೆ ಬಿಡಿಗಾಸೂ ಇಲ್ಲ. ಮೋಸದ ಹಾಡುಗಳನ್ನು ತಡೆಯೋಕೆ ಅಂತ ಸಮರ್ಥನೆ. ಪೆಟ್ಟು ಬಿದ್ದದ್ದು ಮಾತ್ರ ಮನೆಯಲ್ಲಿ ಕೂತು ಸಂಗೀತ ಮಾಡುವವರಿಗೂ. ಇದರ ಜೊತೆಗೆ ‘ಡಿಸ್ಕವರಿ ಮೋಡ್’ ಅಂತ ಇನ್ನೊಂದು ವ್ಯವಸ್ಥೆ ಇದೆ. ರಾಯಲ್ಟಿಯಲ್ಲಿ ನೂರಕ್ಕೆ 30 ಬಿಟ್ಟುಕೊಟ್ಟರೆ ನಿಮ್ಮ ಹಾಡನ್ನು ಅಲ್ಗಾರಿದಮ್ ಸ್ವಲ್ಪ ಮುಂದೆ ತಳ್ಳುತ್ತದೆ. ಶಿಫಾರಸು ಅಂತ ನಾವು ಅಂದುಕೊಂಡಿದ್ದರಲ್ಲಿ ಒಂದು ಭಾಗ ರಿಯಾಯಿತಿ ಕೊಟ್ಟು ಕೊಂಡ ಜಾಗ.

ಮೂರನೆಯದು ಈ ಬಗೆಯ ಸಂಗೀತಕ್ಕೇ ಅಂಟಿದ ಕಷ್ಟ, ಇದನ್ನು ಬಿಡಿಸಿ ಹೇಳಲೇಬೇಕು. ಚಿಲ್‌ವೇವ್, ಆಂಬಿಯಂಟ್ (ಸುತ್ತಲ ವಾತಾವರಣದಂತೆ ಹರಡಿಕೊಳ್ಳುವ ಸಂಗೀತ), ಲೋಫೈ ಇವೆಲ್ಲ ಹಿನ್ನೆಲೆಯಲ್ಲಿ ಓಡುವ ಸಂಗೀತವಾಗಿ ಬಳಕೆಯಾಗುತ್ತವೆ. ಗಾಯಕರ ಮುಖ ಇಲ್ಲ, ಸಾಹಿತ್ಯ ಇಲ್ಲ ಅಥವಾ ಸ್ಪಷ್ಟ ಕೇಳಲ್ಲ. ಆದ್ದರಿಂದ ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಇಟ್ಟರೆ ಕೇಳುಗರಿಗೆ ಗೊತ್ತಾಗುವುದಿಲ್ಲ. 2024ರಲ್ಲಿ ಸ್ವೀಡನ್ನಿನ ಡಾಗೆನ್ಸ್ ನ್ಯೂಹೆಟರ್ ಪತ್ರಿಕೆ ಒಂದು ವರದಿ ಮಾಡಿತು. ಯೋಹಾನ್ ರೋರ್ ಎಂಬ ಒಬ್ಬ ಸಂಯೋಜಕ 650ಕ್ಕೂ ಹೆಚ್ಚು ಬೇರೆ ಬೇರೆ ಹೆಸರುಗಳಲ್ಲಿ ಸ್ಪಾಟಿಫೈನಲ್ಲಿ ಹಾಡು ಇಟ್ಟಿದ್ದು, ಒಟ್ಟು ಸ್ಟ್ರೀಮ್ 1,500 ಕೋಟಿ ದಾಟಿತ್ತು. ಒಬ್ಬನೇ ಮನುಷ್ಯ! ನಾವು ಆರುನೂರು ಕಲಾವಿದರನ್ನು ಕಂಡುಕೊಂಡೆವು ಅಂತ ಖುಷಿಪಟ್ಟಿದ್ದರೆ ಕಂಡದ್ದು ಒಬ್ಬರನ್ನು. ಅದೇ ವರ್ಷದ ಕೊನೆಗೆ ಲಿಜ್ ಪೆಲಿ ಎಂಬ ಪತ್ರಕರ್ತೆ, ಕಡಿಮೆ ಖರ್ಚಿನ ಇಂಥ ಸ್ಟಾಕ್ ಸಂಗೀತವನ್ನು, ಅಂದರೆ ಮಾಡಿಟ್ಟ ಸರಕನ್ನು, ‘ಮಳೆಗೆ, ಓದಿಗೆ’ ಥರದ ಮೂಡ್ ಪ್ಲೇಲಿಸ್ಟ್‌ಗಳಿಗೆ ತುಂಬಿಸಲು ಸ್ಪಾಟಿಫೈ ಒಳಗೇ ಒಂದು ಕಾರ್ಯಕ್ರಮ ಇತ್ತು ಅಂತ ವಿವರವಾಗಿ ಬರೆದರು. ಆ ಪ್ಲೇಲಿಸ್ಟ್‌ನಲ್ಲಿ ಒಂದು ಜಾಗ ಸಿಕ್ಕರೆ ಒಂದು ವರ್ಷ ಬದುಕಬಹುದಾಗಿದ್ದ ನಿಜವಾದ ಕಲಾವಿದರು ಹೊರಗೆ ಉಳಿದರು.

ಆಮೇಲೆ ಎಐ ಬಂತು. ಫ್ರಾನ್ಸಿನ ಡೀಜರ್ ಎಂಬ ಸೇವೆ 2025ರ ಜನವರಿಯಲ್ಲಿ ಹೇಳಿದ್ದು, ದಿನಕ್ಕೆ ಪೂರ್ತಿ ಎಐ ಮಾಡಿದ 10,000 ಟ್ರ್ಯಾಕ್ ಬರುತ್ತಿವೆ ಅಂತ. ನವೆಂಬರ್ ಹೊತ್ತಿಗೆ ಅದು 50,000 ಆಯಿತು, ದಿನಕ್ಕೆ ಬರುವ ಹೊಸ ಹಾಡುಗಳಲ್ಲಿ ನೂರಕ್ಕೆ 34. ಆ ವರ್ಷದ ಜುಲೈನಲ್ಲೇ ವೆಲ್ವೆಟ್ ಸನ್‌ಡೌನ್ ಎಂಬ ‘ಬ್ಯಾಂಡ್’ ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷ ಕೇಳುಗರನ್ನು ದಾಟಿತು. ಆಮೇಲೆ ನೋಡಿದರೆ ಬ್ಯಾಂಡ್ ಅಂತ ಯಾರೂ ಇಲ್ಲ, ಎಲ್ಲ ಎಐ. ಡೀಜರ್ ಮಾಡಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 97 ಜನಕ್ಕೆ ಎಐ ಹಾಡು ಯಾವುದು, ಮನುಷ್ಯರದು ಯಾವುದು ಅಂತ ಹೇಳೋಕೆ ಆಗಲಿಲ್ಲ. ಅಂದರೆ ‘ನನ್ನ ಕಿವಿಗೆ ಗೊತ್ತಾಗುತ್ತೆ ಬಿಡಿ’ ಅನ್ನುವ ಜಂಬ ಬೇಡ, ನನಗೂ ಸೇರಿ.

ಅಕ್ಕನ ಮಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೊನ್ನೆ ಒಂದು ಹಾಡು ಕೇಳಿಸಿ, ‘ಮಾಮ, ಚೆನ್ನಾಗೈತಿ, ಆದ್ರೆ ಇದು ಎಐ ಇರ್ಬೋದಾ?’ ಅಂದ. ಇಂದಿನ ಹುಡುಗರಿಗೆ ಹಾಡು ಇಷ್ಟವಾದ ಕೂಡಲೇ ಬರುವ ಪ್ರಶ್ನೆ ಇದು, ಪಾಪ. ಇಬ್ಬರೂ ಕೂತು ನೋಡಿದೆವು. ಕಲಾವಿದರ ಹೆಸರಿದೆ, ಊರಿಲ್ಲ. ಐದು ತಿಂಗಳಲ್ಲಿ ಒಂಬತ್ತು ಆಲ್ಬಂ. ಬೇರೆ ಯಾರ ಜೊತೆಗೂ ಕೆಲಸ ಮಾಡಿಲ್ಲ, ಯಾರೂ ಇವರ ಹಾಡನ್ನು ರೀಮಿಕ್ಸ್ ಮಾಡಿಲ್ಲ, ಎಲ್ಲೂ ನುಡಿಸಿದ ಒಂದು ಫೋಟೋ ಇಲ್ಲ, ಮಿಕ್ಸಿಂಗ್ ಯಾರು ಮಾಡಿದರು ಅಂತ ಇಲ್ಲ. ಇದರಲ್ಲಿ ಯಾವುದೂ ಒಂದೊಂದಾಗಿ ಸಾಕ್ಷಿಯಲ್ಲ, ಸಂಕೋಚದ ಮನುಷ್ಯರೂ ಇರುತ್ತಾರೆ. ಆದರೆ ಎಲ್ಲ ಒಟ್ಟಿಗೆ ಸೇರಿದರೆ ಅನುಮಾನ ಬರುವುದು ಸಹಜ. ನಿಜವಾದ ಕಲಾವಿದರ ಸುತ್ತ ಯಾವಾಗಲೂ ಬೇರೆ ಮನುಷ್ಯರು ಇರುತ್ತಾರೆ. ಕವರ್ ಚಿತ್ರ ಬರೆದ ಗೆಳೆಯ, ಒಂದು ಹಾಡಿಗೆ ದನಿ ಕೊಟ್ಟ ಗೆಳತಿ, ಮಾಸ್ಟರಿಂಗ್ ಮಾಡಿದವರು, ಕ್ಯಾಸೆಟ್ ಹೊರತಂದ ಸಣ್ಣ ಲೇಬಲ್, ಎರಡು ವರ್ಷದ ಹಿಂದಿನ ಅಷ್ಟೇನೂ ಚೆನ್ನಾಗಿಲ್ಲದ ಹಳೇ ಹಾಡು. ಹುಡುಕಾಟಕ್ಕೆ ಬೇಕಾದ ಜಾಡೂ ಅದೇ.

ಹಿಂದೆ ಇದು ನಮಗೆ ಸಹಜವಾಗಿ ಸಿಗುತ್ತಿತ್ತು. ಚಿತ್ರದುರ್ಗ ಆಕಾಶವಾಣಿಯಲ್ಲಿ ಭಾವಗೀತೆ ಹಾಕುವ ಮುಂಚೆ ಉದ್ಘೋಷಕರು ರಚನೆ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಅಂತ ಮೂರೂ ಹೇಳಿಯೇ ಹಾಡು ಬಿಡುತ್ತಿದ್ದರು. ಕೇಳಿ ಕೇಳಿ ಆ ಹೆಸರುಗಳು ತಾವಾಗೇ ಬಾಯಿಪಾಠವಾಗುತ್ತಿದ್ದವು, ಒಂದು ಹೆಸರು ಇಷ್ಟವಾದರೆ ಪೇಟೆಯ ಕ್ಯಾಸೆಟ್ ಅಂಗಡಿಗೆ ಹೋಗಿ ‘ಅವರದ್ದೇ ಇನ್ನೊಂದು ಕೊಡ್ರಿ’ ಅನ್ನುತ್ತಿದ್ದೆವು. ಮೂಡ್ ಪ್ಲೇಲಿಸ್ಟ್ ಕಿತ್ತುಹಾಕಿದ್ದು ಸರಿಯಾಗಿ ಈ ಕೊಂಡಿಯನ್ನು.

ಅದನ್ನು ಮತ್ತೆ ಜೋಡಿಸಿಕೊಳ್ಳೋಕೆ ನನಗೆ ಸಿಕ್ಕಿದ್ದರಲ್ಲಿ ಒಳ್ಳೆಯ ಜಾಗ ಬ್ಯಾಂಡ್‌ಕ್ಯಾಂಪ್. 2008ರಲ್ಲಿ ಶುರುವಾದ ಸೈಟು. ಕಲಾವಿದರು ನೇರವಾಗಿ ಆಲ್ಬಂ ಮಾರುತ್ತಾರೆ, ಡಿಜಿಟಲ್ ಮಾರಾಟದಲ್ಲಿ ಸೈಟು ನೂರಕ್ಕೆ 15 ಇಟ್ಟುಕೊಳ್ಳುತ್ತದೆ, ಮಾರಾಟ 5,000 ಡಾಲರ್ ದಾಟಿದರೆ 10. ಆದರೆ ಹುಡುಕುವವರಿಗೆ ಅಲ್ಲಿ ಚಿನ್ನ ಇರುವುದು ಬೇರೆ ಕಡೆ. ಪ್ರತಿ ಆಲ್ಬಂನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಒಬ್ಬರನ್ನು ಒತ್ತಿದರೆ ಅವರು ಈವರೆಗೆ ದುಡ್ಡು ಕೊಟ್ಟು ಕೊಂಡ ಎಲ್ಲ ಆಲ್ಬಂಗಳ ಕಪಾಟು ತೆರೆಯುತ್ತದೆ. ಸುಮ್ನೆ ಲೈಕ್ ಒತ್ತಿದ್ದಲ್ಲ, ಕೈಯಿಂದ ಕಾಸು ಬಿಚ್ಚಿದ್ದು. ಪೋಲೆಂಡಿನಲ್ಲೋ ಬ್ರೆಜಿಲ್‌ನಲ್ಲೋ ಕೂತ ಒಬ್ಬ ಅಪರಿಚಿತರ ಕಪಾಟಿನಲ್ಲಿ ನಿಮಗೆ ಇಷ್ಟವಾದ ಮೂರು ಆಲ್ಬಂ ಒಟ್ಟಿಗೆ ಕಂಡರೆ, ಉಳಿದವನ್ನು ಕಣ್ಣುಮುಚ್ಚಿ ಕೇಳಬಹುದು. ಕೊಂಡವರು ಏಳೋ ಎಂಟೋ ಜನ ಮಾತ್ರ ಇರುವ ಆಲ್ಬಂಗಳು ಅಲ್ಲಿ ಸಿಗುತ್ತವೆ. ಯಾವ ಅಲ್ಗಾರಿದಮ್ಮೂ ಅಷ್ಟು ಕೆಳಗೆ ಇಳಿಯುವುದಿಲ್ಲ. 2026ರ ಜನವರಿಯಲ್ಲಿ ಈ ಸೈಟು ಎಐ ಮಾಡಿದ ಸಂಗೀತಕ್ಕೆ ಅವಕಾಶ ಇಲ್ಲ ಅಂತಲೂ ಪ್ರಕಟಿಸಿತು. ಪೂರ್ತಿ ತಡೆಯೋಕೆ ಆಗುತ್ತದಾ ಅನ್ನುವುದು ಬೇರೆ ಮಾತು, ಬಾಗಿಲಲ್ಲಿ ಬೋರ್ಡಾದರೂ ಇದೆ.

ಲೇಬಲ್ ಹಿಡಿದು ಹೋಗುವುದು ಇನ್ನೊಂದು ದಾರಿ. ಘೋಸ್ಟ್ಲಿ ಇಂಟರ್‌ನ್ಯಾಷನಲ್ ಅಂತ ಅಮೆರಿಕದ ಮಿಶಿಗನ್‌ನಲ್ಲಿ 1999ರಲ್ಲಿ ಹುಟ್ಟಿದ ಲೇಬಲ್ ಇದೆ. ಟೈಕೋ ಎಂಬ ಹೆಸರಿನ ಸ್ಕಾಟ್ ಹ್ಯಾನ್ಸನ್ 2011ರಲ್ಲಿ ‘ಡೈವ್’ ತಂದದ್ದು ಅಲ್ಲಿಂದ, ಕಾಮ್ ಟ್ರೂಸ್ ಎಂಬ ಸೆತ್ ಹೇಲಿ ಅದೇ ವರ್ಷ ‘ಗ್ಯಾಲಾಕ್ಟಿಕ್ ಮೆಲ್ಟ್’ ತಂದದ್ದೂ ಅಲ್ಲಿಂದ. ಇಬ್ಬರೂ ಈಗ ಸಾಕಷ್ಟು ಹೆಸರಾದವರು. ಆದರೆ ಆ ಲೇಬಲ್‌ನ ಪಟ್ಟಿಯಲ್ಲಿ ಕೆಳಕ್ಕೆ ಇಳಿಯುತ್ತ ಹೋದರೆ ನೀವು ಕೇಳೇ ಇರದ ಹೆಸರುಗಳು ಸಾಲಾಗಿ ಬರುತ್ತವೆ, ಒಂದೇ ರುಚಿಯ ಮನುಷ್ಯರು ಆರಿಸಿದ್ದಾದ್ದರಿಂದ ಪೂರಾ ನಿರಾಸೆ ಆಗುವುದು ಕಡಿಮೆ. ಇಂಟರ್ನೆಟ್ ರೇಡಿಯೋ ಕೂಡ ಹೀಗೇ: 2011ರಿಂದ ಲಂಡನ್ನಿನ ಎನ್‌ಟಿಎಸ್, 2017ರಿಂದ ದೆಹಲಿಯ ಬಾಕ್ಸ್‌ಔಟ್ ಎಫ್‌ಎಂ. ಒಬ್ಬ ಮನುಷ್ಯ ಒಂದು ಗಂಟೆ ತನಗಿಷ್ಟವಾದದ್ದನ್ನು ಹಾಕುತ್ತಾನೆ, ಹಾಡಿನ ಪಟ್ಟಿ ಎಷ್ಟೋ ಸಲ ಕೆಳಗೇ ಇರುತ್ತದೆ.

ಹತ್ತಿರದ ಜಾಡುಗಳನ್ನೂ ಬಿಡಬೇಡಿ. ಬೆಂಗಳೂರಿನ ಸಲ್ಕ್ ಸ್ಟೇಷನ್ ಎಂಬ ಜೋಡಿ ತನ್ವಿ ರಾವ್ ಮತ್ತು ರಾಹುಲ್ ಗಿರಿ ಅವರದು. 2012ರಲ್ಲಿ ಬಂದ ‘ಟಿಲ್ ಯು ಅಪಿಯರ್’ ಕೇಳಿ. ನಿಧಾನದ ಬೀಟು, ಅದರ ಮೇಲೆ ಹಿಂದೂಸ್ತಾನಿ ನೆರಳಿರುವ ದನಿ. ಅಲ್ಲಿಂದ ರಾಹುಲ್ ಗಿರಿ ಎಂಬ ಹೆಸರನ್ನು ಹಿಡಿದು ಹೋದರೆ ಕನ್ಸಾಲಿಡೇಟ್ ಎಂಬ ಬೆಂಗಳೂರಿನ ಬಳಗ ಸಿಗುತ್ತದೆ, ಅದರ ಪುಟ ತೆರೆದರೆ ಅದೇ ಊರಿನ ಇನ್ನಷ್ಟು ಜನ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ಬ್ಯಾಂಡಿನ ಗಾಯಕ ಸೂರ್ಯಕಾಂತ್ ಸಾಹ್ನಿ ‘ಲಿಫಾಫಾ’ ಎಂಬ ಹೆಸರಿನಲ್ಲಿ ಒಬ್ಬರೇ ಮಾಡಿದ 2019ರ ‘ಜಾಗೋ’ ಹಿಂದಿಯಲ್ಲಿದೆ, ಚಿಲ್‌ವೇವ್ ಇಷ್ಟಪಡುವವರಿಗೆ ಸೀದಾ ಹೋಗಿ ತಟ್ಟುತ್ತದೆ.

ಇನ್ನೂ ಹಿಂದೆ ಹೋದರೆ ಆಶ್ಚರ್ಯವೇ ಕಾದಿದೆ. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಬೇಸ್ ಸಿಂಥ್, ಟಿಆರ್-808 ಡ್ರಮ್ ಮಷಿನ್ ಬಳಸಿ ಹತ್ತು ರಾಗ ನುಡಿಸಿ ಎಲ್‌ಪಿ ಮಾಡಿದರು. ಕೊಂಡವರು ತೀರಾ ಕಡಿಮೆ. ಐದು ವರ್ಷ ಬಿಟ್ಟು ಶಿಕಾಗೊದಲ್ಲಿ ಅದೇ 303ರ ಸದ್ದಿನಿಂದ ಆಸಿಡ್ ಹೌಸ್ ಎಂಬ ಡಾನ್ಸ್ ಸಂಗೀತ ಹುಟ್ಟಿತು. ಸಿಂಗ್ ಅವರ ಎಲ್‌ಪಿ ಹಾಗೇ ಧೂಳು ತಿನ್ನುತ್ತಿತ್ತು, ನೆದರ್‌ಲ್ಯಾಂಡ್ಸಿನ ಒಬ್ಬ ಸಂಗ್ರಾಹಕರ ಕೈಗೆ ಸಿಕ್ಕಿ 2010ರಲ್ಲಿ ಮತ್ತೆ ಹೊರಬರುವವರೆಗೆ. ಅಹಮದಾಬಾದಿನ ಎನ್‌ಐಡಿ ಎಂಬ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇತ್ತು. ಅಲ್ಲಿ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್ ಮುಂತಾದವರು ಮಾಡಿದ ಪ್ರಯೋಗಗಳ ಟೇಪುಗಳನ್ನು ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದ ಅಲ್ಲಿನ ಆರ್ಕೈವ್‌ನಲ್ಲಿ ಕಂಡು, 2023ರಲ್ಲಿ ಆಲ್ಬಂ ಆಯಿತು. ಎರಡೂ ಸಲ ಹುಡುಕಿದ್ದು ಮನುಷ್ಯರು, ಅದೂ ಹೊರಗಿನವರು. ನಮ್ಮ ಕಡೆಯ ಹಳೇ ಕ್ಯಾಸೆಟ್ ಡಬ್ಬಿಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವರ ಮನೆಗಳಲ್ಲಿ ಏನೇನಿದೆಯೋ. ಕಂಪನಿ ನಾಟಕಗಳ ಊರು ನಮ್ಮದು. ಯಾರಾದರೂ ಒಂದು ಸಲ ಕೇಳಿ ನೋಡಬಾರದಾ?

ಇನ್ನು ದುಡ್ಡು ಕೊಡುವ ತೊಂದರೆ. ಬ್ಯಾಂಡ್‌ಕ್ಯಾಂಪಿನಲ್ಲಿ ಯುಪಿಐ ನಡೆಯುವುದಿಲ್ಲ. ಬೆಣ್ಣೆದೋಸೆಯಿಂದ ಆಟೋದವರೆಗೆ ಎಲ್ಲಕ್ಕೂ ಸ್ಕ್ಯಾನ್ ಮಾಡುವ ನಮಗೆ ಇದು ದೊಡ್ಡ ಅಡ್ಡಿ. ಕಾರ್ಡ್ ಬೇಕು, ಅದರಲ್ಲಿ ಅಂತಾರಾಷ್ಟ್ರೀಯ ಆನ್‌ಲೈನ್ ಪಾವತಿ ಆನ್ ಆಗಿರಬೇಕು. 2020ರ ಆರ್‌ಬಿಐ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಿ, ಮಿತಿ ಸಾವಿರ ರೂಪಾಯಿಗೋ ಎಷ್ಟಕ್ಕೋ ಇಟ್ಟು, ಕೊಂಡ ಮೇಲೆ ಮತ್ತೆ ಆಫ್ ಮಾಡಬಹುದು. ವೀಸಾ, ಮಾಸ್ಟರ್‌ಕಾರ್ಡ್ ಇದ್ದರೆ ಸಲೀಸು. ಏಳು ಡಾಲರ್ ಆಲ್ಬಂ ಅಂದರೆ ನಮ್ಮ ರೂಪಾಯಿಯಲ್ಲಿ ಆರುನೂರರ ಆಸುಪಾಸು, ವಿದ್ಯಾರ್ಥಿಗೆ ಜಾಸ್ತಿಯೇ. ಆದರೆ ‘ನಿಮಗೆ ತೋಚಿದಷ್ಟು ಕೊಡಿ’ ಅಂತ ಇಟ್ಟ ಆಲ್ಬಂಗಳು ಅಲ್ಲಿ ಬೇಕಾದಷ್ಟಿವೆ, ಸೊನ್ನೆ ಹಾಕಿದರೂ ಇಳಿಸಿಕೊಳ್ಳಬಹುದಾದವೂ ಇವೆ. ಸಾವಿರ ಸ್ಟ್ರೀಮಿಗೆ ಮೂರರಿಂದ ಐದು ಡಾಲರ್ ಎಂಬುದು ಚಾಲ್ತಿಯಲ್ಲಿರುವ ಅಂದಾಜು, ಚಂದಾ ಅಗ್ಗವಿರುವ ಭಾರತದ ಕೇಳುಗರಿಂದ ಅದಕ್ಕಿಂತ ಕಡಿಮೆ. ಹಾಗಾಗಿ ನೀವು ಒಂದು ಸಲ ಕೊಡುವ ಎರಡು ಡಾಲರ್ ನಿಮ್ಮ ನೂರಾರು ಸ್ಟ್ರೀಮಿಗಿಂತ ದೊಡ್ಡದು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ಸೈಟು ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ, ಆ ದಿನ ನೋಡಿ ಕೊಂಡರೆ ಇನ್ನೂ ಒಳ್ಳೆಯದು.

ಹಾಗಂತ ಬ್ಯಾಂಡ್‌ಕ್ಯಾಂಪನ್ನು ದೇವರು ಮಾಡಿ ಕೂರಿಸಬೇಡಿ. 2022ರಲ್ಲಿ ಅದನ್ನು ಎಪಿಕ್ ಗೇಮ್ಸ್ ಎಂಬ ವಿಡಿಯೋ ಗೇಮ್ ಕಂಪನಿ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಸಂಗೀತ ಪರವಾನಗಿ ಕಂಪನಿಗೆ ಮಾರಿತು, ಆ ಮಾರಾಟದಲ್ಲಿ ಸುಮಾರು ಅರ್ಧ ಸಿಬ್ಬಂದಿ ಕೆಲಸ ಕಳೆದುಕೊಂಡರು. ಮುಂದೆ ಯಾರ ಕೈಗೆ ಹೋಗುತ್ತದೋ. ನಮ್ಮಲ್ಲೇ ರೆಸ್ಸೊ ಎಂಬ ಹಾಡಿನ ಆ್ಯಪ್ 2024ರ ಜನವರಿಯಲ್ಲಿ ಮುಚ್ಚಿತು, ಅದೇ ವರ್ಷ ತನ್ನ ಹಾಡಿನ ಆ್ಯಪ್ ವಿಂಕ್ ಕೂಡ ಮುಚ್ಚುತ್ತೇವೆ ಅಂತ ಏರ್‌ಟೆಲ್ ಹೇಳಿತು. ವರ್ಷಗಟ್ಟಲೆ ಕೂಡಿಸಿದ ಪ್ಲೇಲಿಸ್ಟ್‌ಗಳು ಅವುಗಳ ಜೊತೆಗೇ ಹೋದವು. ಆದ್ದರಿಂದ ಕೊಂಡ ಆಲ್ಬಂ ಅನ್ನು ಆ್ಯಪ್‌ನಲ್ಲಿ ಕೇಳಿ ಬಿಡಬೇಡಿ. ಫ್ಲ್ಯಾಕ್ (ಗುಣಮಟ್ಟ ಕುಗ್ಗದ ಹಾಡಿನ ಫೈಲ್) ಅಥವಾ ಎಂಪಿ3 ಫೈಲನ್ನು ಇಳಿಸಿಕೊಂಡು ಪೆನ್‌ಡ್ರೈವ್‌ಗೋ ಹಾರ್ಡ್ ಡಿಸ್ಕ್‌ಗೋ ಹಾಕಿ, ಫೋಲ್ಡರಿಗೆ ಕಲಾವಿದರ ಹೆಸರು, ಊರು, ವರ್ಷ ಬರೆದಿಡಿ. ಗೆಳೆಯರಿಗೆ ಕಳಿಸುವಾಗಲೂ ಹಾಡಿನ ಜೊತೆ ಆ ಪುಟದ ಲಿಂಕ್ ಕಳಿಸಿ, ಅವರಲ್ಲಿ ಒಬ್ಬರಾದರೂ ಕೊಂಡಾರು.